ಸರ್ಕಾರ 'ಸರ್ ಕಾರ' ಆದ ರಾತ್ರಿ: ಎಫೆಕ್ಟ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ರಾತ್ರಿ ಹನ್ನೊಂದೂವರೆ. ಶಿಡ್ಲಘಟ್ಟದಲ್ಲಿ ನಾನು ಬಾಡಿಗೆಗೆ ಹಿಡಿದಿರುವ ಮಹಡಿ ಕೋಣೆ, ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರು, ಎರಡು ಪ್ಲಾಸ್ಟಿಕ್ ಕುರ್ಚಿ. ಬೆಳಗ್ಗೆ ಹತ್ತಕ್ಕೆ ನೀರಿನ ಬಗ್ಗೆ ಒಂದು ಸಭೆ. ಗಾಡಿ ಮೇಲಿನ ಎಲ್‌ಇಡಿ ಪರದೆಯಲ್ಲಿ ತೋರಿಸೋಕೆ 90 ಸೆಕೆಂಡಿನ ವಿಡಿಯೊ ಮಾಡಿಕೊಡ್ತೀನಿ ಅಂತ ನಾನೇ ಒಪ್ಪಿಕೊಂಡಿದ್ದೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಎಚ್‌.ಎನ್‌. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಾರೆ. ಮೂರನೇ ಹಂತವೂ ಆಗಲಿ ಅನ್ನೋದು ಇಲ್ಲಿಯ ಜನ ವರ್ಷಗಳಿಂದ ಕೇಳುತ್ತಿರುವ ಮಾತು. ವಿಡಿಯೊದ ಕೊನೆಗೆ ಒಂದು ಸಾಲು, ಯಾರೋ ಕುಂಚ ಹಿಡಿದು ಗೋಡೆ ಮೇಲೆ ಬರೆದ ಹಾಗೆ ಮೂಡಬೇಕಿತ್ತು: 'ಸರ್ಕಾರ ಮೂರನೇ ಹಂತದ ಶುದ್ಧೀಕರಣ ಮಾಡಲಿ.'

ಮೂಡಿದ್ದು ಬೇರೆ. 'ಶುದ್ಧೀಕರಣ'ದ ದ್ಧೀ ಒಡೆದು ಒತ್ತಕ್ಷರ ಎಲ್ಲೋ ಪಕ್ಕಕ್ಕೆ ಹಾರಿತ್ತು. 'ಸರ್ಕಾರ' ಅಂತ ಬರೆದದ್ದು 'ಸರ್ ಕಾರ' ಆಗಿತ್ತು. ಹೇಗಿದೆ ನೋಡೋಣ ಅಂತ ಬಂದಿದ್ದ ಹಿರಿಯ ರೈತರೊಬ್ಬರು ಕನ್ನಡಕ ಸರಿ ಮಾಡ್ಕೊಂಡು ಓದಿದರು. "ಏನಪ್ಪಾ ಇದು? ಸರ್ಕಾರ ಕೇಳಿದ್ರೆ ಸರ್‌ಗೆ ಕಾರ ಕೊಟ್ಬಿಟ್ಟಿದ್ದೀಯಲ್ಲೋ!" ನಗು ಬಂತು, ಆದರೆ ಹೊಟ್ಟೆಯಲ್ಲಿ ಸಂಕಟ. ನಾಳೆ ಯಾರೋ ಒಬ್ಬ ಇದನ್ನ ಮೊಬೈಲಲ್ಲಿ ಹಿಡಿದು, 'ಕನ್ನಡ ಬರೆಯೋಕೆ ಬರಲ್ಲ, ಹೋರಾಟಕ್ಕೆ ಬಂದವ್ರೆ' ಅಂತ ಹಾಕಿದರೆ ಮುಗೀತು. ನೀರಿನ ಮಾತು ಹಿಂದಕ್ಕೆ ಹೋಗಿ, ಒತ್ತಕ್ಷರದ ಮಾತು ಮುಂದಕ್ಕೆ ಬರುತ್ತದೆ.

ಆ ರಾತ್ರಿ ಮತ್ತು ಅದಕ್ಕೆ ಮುಂಚಿನ ಎಷ್ಟೋ ರಾತ್ರಿಗಳು ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈಗ ಚಳವಳಿ ಇರಲಿ, ಚುನಾವಣೆ ಇರಲಿ, ಕಾಲೇಜಿನ ಸಣ್ಣ ತಂಡ ಇರಲಿ, ಎಲ್ಲರಿಗೂ ಒಬ್ಬ 'ಎಡಿಟಿಂಗ್ ಹುಡುಗ' ಅಥವಾ 'ಎಡಿಟಿಂಗ್ ಹುಡುಗಿ' ಬೇಕು. ಆ ಕೆಲಸ ಕಲಿಸುವ ವಿಡಿಯೊಗಳು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ರಾಶಿ ಇವೆ. ಆದರೆ ಅವು ಇಂಗ್ಲಿಷ್ ಅಕ್ಷರ ಕುಣಿಸುವುದನ್ನು ಕಲಿಸುತ್ತವೆ. ನಮ್ಮ ಒತ್ತಕ್ಷರ ಒಡೆದಾಗ ಏನು ಮಾಡಬೇಕು ಅಂತ ಹೇಳುವವರು ಕಮ್ಮಿ. ಹಾಗಾಗಿ ನಾವು ತಪ್ಪನ್ನ ನಮ್ಮ ಮೇಲೇ ಹಾಕ್ಕೋತೀವಿ: ನಂಗೆ ಬರಲ್ಲ, ನನ್ನ ಸಿಸ್ಟಮ್ ಡಬ್ಬಾ. ಎಷ್ಟೋ ಸಲ ತಪ್ಪು ನಮ್ಮದಲ್ಲ. ಯಾರದ್ದು ಅಂತ ಬೇರ್ಪಡಿಸಿ ನೋಡೋದೇ ರಿಪೇರಿಯ ಮುಕ್ಕಾಲು ಭಾಗ.

ಮೊದಲು ರಾಟೆ ನಿಲ್ಲಿಸಿ

ನಮ್ಮೂರು ರೇಷ್ಮೆಯ ಊರು. ಗೂಡನ್ನು ಬಿಸಿನೀರಲ್ಲಿ ಬೇಯಿಸಿ, ಹಲವು ಗೂಡುಗಳ ಎಳೆ ಸೇರಿಸಿ ಒಂದು ನೂಲು ತೆಗೆಯುತ್ತಾರೆ. ಒಂದು ಗೂಡಿನ ಎಳೆ ಕಿತ್ತರೆ ನೂಲು ಸಣ್ಣಗಾಗುತ್ತದೆ. ಬಿಚ್ಚಾಣಿಕೆ ಮಾಡುವ ಹೆಂಗಸರು ಆಗ ಇಡೀ ಬಾಣಲೆ ಚೆಲ್ಲುವುದಿಲ್ಲ. ಯಾವ ಗೂಡು ಕೈಬಿಟ್ಟಿತು ಅಂತ ಕಣ್ಣಲ್ಲೇ ಹುಡುಕಿ, ಅದರ ತುದಿ ಹಿಡಿದು ಮತ್ತೆ ಸೇರಿಸುತ್ತಾರೆ. ನಾವು ಕಂಪ್ಯೂಟರ್ ಮುಂದೆ ಮಾಡೋದು ಇದರ ತದ್ವಿರುದ್ಧ. ಎಫೆಕ್ಟ್ ಕೆಲಸ ಮಾಡಲಿಲ್ಲ ಅಂದ ತಕ್ಷಣ ಹತ್ತು ಕಡೆ ಬಟನ್ ಒತ್ತಿ, ತಂತ್ರಾಂಶ ಕಿತ್ತುಹಾಕಿ, ಮತ್ತೆ ಹಾಕಿ, ಕೊನೆಗೆ ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ಗೊತ್ತಿರಲ್ಲ.

ಹಾಗಾಗಿ ಮೊದಲ ಕೆಲಸ: ಇರುವ ಪ್ರಾಜೆಕ್ಟನ್ನು ಇನ್ನೊಂದು ಹೆಸರಲ್ಲಿ ಉಳಿಸಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇದಕ್ಕೆ 'ಇನ್‌ಕ್ರಿಮೆಂಟ್ ಅಂಡ್ ಸೇವ್' ಅಂತ ಇದೆ, ಹೆಸರಿನ ಕೊನೆಗೆ ತಾನೇ ಒಂದು ಸಂಖ್ಯೆ ಸೇರಿಸಿಕೊಳ್ಳುತ್ತದೆ. ಇನ್ನು ಏನೇ ಹಾಳಾದರೂ ಹಾಳಾಗೋದು ನಕಲು.

ಎರಡನೆಯದು: ಒಂದು ಸಲಕ್ಕೆ ಒಂದೇ ಬದಲಾವಣೆ. ಲೇಯರ್ ಮೇಲೆ ಎಂಟು ಎಫೆಕ್ಟ್ ಇವೆ ಅಂದುಕೊಳ್ಳಿ, ತೊಂದರೆ ಯಾವುದೋ ಒಂದರಿಂದ. ಒಂದೊಂದಾಗಿ ಆರಿಸುತ್ತಾ ಹೋಗಬೇಡಿ. ಪ್ರತಿ ಎಫೆಕ್ಟ್ ಹೆಸರಿನ ಪಕ್ಕ 'ಎಫ್‌ಎಕ್ಸ್' ಅನ್ನೋ ಸಣ್ಣ ಗುರುತು ಇದೆಯಲ್ಲ, ಅದನ್ನು ಒತ್ತಿ ನಾಲ್ಕನ್ನು ಆಫ್ ಮಾಡಿ. ತೊಂದರೆ ಹೋಯಿತೆಂದರೆ ಅಪರಾಧಿ ಆ ನಾಲ್ಕರಲ್ಲಿದ್ದಾನೆ, ಹೋಗಲಿಲ್ಲವೆಂದರೆ ಉಳಿದ ನಾಲ್ಕರಲ್ಲಿ. ಆಮೇಲೆ ಎರಡು, ಆಮೇಲೆ ಒಂದು. ಮೂರೇ ಪರೀಕ್ಷೆಗೆ ಕೈಗೆ ಸಿಗುತ್ತಾನೆ.

ಮೂರನೆಯದು: ಖಾಲಿ ಹಾಳೆ ಪರೀಕ್ಷೆ. ಹೊಸ ಕಾಂಪೊಸಿಷನ್ ತೆರೆದು, ಒಂದು ಬಣ್ಣದ ಸಾಲಿಡ್ ಹಾಕಿ, ಅದರ ಮೇಲೆ ಆ ಒಂದೇ ಎಫೆಕ್ಟ್ ಹಾಕಿ ನೋಡಿ. ಅಲ್ಲಿ ಸರಿಯಾಗಿ ನಡೆದರೆ ತೊಂದರೆ ನಿಮ್ಮ ಲೇಯರಿನಲ್ಲಿದೆ. ಅಲ್ಲೂ ನಡೆಯದಿದ್ದರೆ ಪ್ಲಗಿನ್ನಿನದ್ದೋ ಯಂತ್ರದ್ದೋ ತಪ್ಪು. ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ರಾತ್ರಿ ಉಳಿಯುತ್ತದೆ.

ಕುಂಚ ಬಣ್ಣ ಬಿಡದಿದ್ದಾಗ

ಆ ರಾತ್ರಿ ನನ್ನ ಮೊದಲ ಅರ್ಧ ಗಂಟೆ ಹೋಗಿದ್ದು ಒಂದು ಕೀಲಿಗೆ. ಏನು ಬದಲಾಯಿಸಿದರೂ ಪರದೆ ಮೇಲಿನ ಚಿತ್ರ ಕದಲುತ್ತಿಲ್ಲ. ಗ್ರಾಫಿಕ್ಸ್ ಕಾರ್ಡ್ ಹೋಯ್ತು ಅಂದುಕೊಂಡೆ. ಚಿಂತಾಮಣಿಯ ಗೆಳೆಯನಿಗೆ ಫೋನ್ ಮಾಡಿದೆ. ಅವನು ನಿದ್ದೆಗಣ್ಣಲ್ಲೇ ಕೇಳಿದ: "ಕ್ಯಾಪ್ಸ್ ಲಾಕ್ ಆನ್ ಐತಾ ನೋಡಣ್ಣ." ಆನ್ ಆಗಿತ್ತು. ಕ್ಯಾಪ್ಸ್ ಲಾಕ್ ಒತ್ತಿದ್ದರೆ ಆಫ್ಟರ್ ಎಫೆಕ್ಟ್ಸ್ ಪರದೆಯನ್ನು ಹೊಸದಾಗಿ ಬರೆಯುವುದನ್ನೇ ನಿಲ್ಲಿಸುತ್ತದೆ. ಇದು ದೋಷವಲ್ಲ, ಬೇಕೆಂದೇ ಇಟ್ಟ ಸೌಲಭ್ಯ. ಚಿತ್ರದ ಕೆಳಗೆ ಸಣ್ಣದಾಗಿ ಹಾಗಂತ ಬರೆದೂ ಇರುತ್ತದೆ. ನಾನು ಓದಿರಲಿಲ್ಲ. ದೊಡ್ಡ ಕಾರಣ ಹುಡುಕುವ ಮೊದಲು ಸಣ್ಣ ಕಾರಣ ನೋಡಬೇಕು ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ನನ್ನ ಹತ್ತಿರ ಇಲ್ಲ.

ಪೇಂಟ್ ಉಪಕರಣಗಳ ವಿಷಯದಲ್ಲಿ ಹೊಸಬರು ಮುಗ್ಗರಿಸುವ ಜಾಗ ನಾಲ್ಕೈದೇ.

ಒಂದು, ಬ್ರಷ್, ಇರೇಸರ್, ಕ್ಲೋನ್ ಸ್ಟ್ಯಾಂಪ್ ಈ ಮೂರೂ ಕಾಂಪೊಸಿಷನ್ ಪ್ಯಾನೆಲ್‌ನಲ್ಲಿ ಕೆಲಸ ಮಾಡುವುದಿಲ್ಲ. ಲೇಯರ್ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದರದ್ದೇ ಲೇಯರ್ ಪ್ಯಾನೆಲ್ ತೆರೆಯುತ್ತದೆ. ಕುಂಚ ನಡೆಯುವುದು ಅಲ್ಲಿ. ಅಕ್ಷರದ ಲೇಯರ್‌ಗೆ, ಶೇಪ್ ಲೇಯರ್‌ಗೆ ಆ ಪ್ಯಾನೆಲ್ಲೇ ಇಲ್ಲ. ಅವುಗಳ ಮೇಲೆ ಬಣ್ಣ ಬಳಿಯಬೇಕೆಂದರೆ ಮೊದಲು ಪ್ರೀಕಂಪೋಸ್ ಮಾಡಬೇಕು, ಅಥವಾ ಮೇಲೊಂದು ಸಾಲಿಡ್ ಇಟ್ಟು ಅದರಲ್ಲಿ ಬರೆಯಬೇಕು.

ಎರಡು, ಬರೆದ ಗೆರೆ ಒಂದು ಕ್ಷಣ ಕಂಡು ಮಾಯವಾಗುತ್ತದೆ. ಪೇಂಟ್ ಪ್ಯಾನೆಲ್‌ನಲ್ಲಿ 'ಡ್ಯೂರೇಷನ್' ಅನ್ನೋ ಆಯ್ಕೆ 'ಸಿಂಗಲ್ ಫ್ರೇಮ್' ಆಗಿರುತ್ತದೆ. 'ಕಾನ್‌ಸ್ಟೆಂಟ್' ಮಾಡಿದರೆ ಗೆರೆ ನೀವು ಬರೆದ ಕ್ಷಣದಿಂದ ಲೇಯರಿನ ಕೊನೆವರೆಗೂ ನಿಲ್ಲುತ್ತದೆ. 'ರೈಟ್ ಆನ್' ಮಾಡಿದರೆ ಕೈ ಬರೆದ ವೇಗದಲ್ಲೇ ಗೆರೆ ಮೂಡುತ್ತದೆ, ಗೋಡೆ ಬರಹದ ಹಾಗೆ. ಕಾಲದ ಗೆರೆ ನಡುವಲ್ಲಿ ನಿಂತಿದ್ದಾಗ ಬರೆದರೆ, ಅದಕ್ಕಿಂತ ಮುಂಚೆ ಆ ಗೆರೆ ಇರುವುದಿಲ್ಲ ಅನ್ನೋದೂ ನೆನಪಿರಲಿ.

ಮೂರು, ಪಾರದರ್ಶಕ ಲೇಯರ್ ಮೇಲೆ ಎಷ್ಟು ಉಜ್ಜಿದರೂ ಏನೂ ಕಾಣುವುದಿಲ್ಲ. ಪೇಂಟ್ ಪ್ಯಾನೆಲ್‌ನ 'ಚಾನೆಲ್ಸ್' ಆಯ್ಕೆ ಬರೀ ಆರ್‌ಜಿಬಿ ಆಗಿದ್ದರೆ ಬಣ್ಣ ಬೀಳುತ್ತದೆ, ಆದರೆ ಪಾರದರ್ಶಕತೆ ಹಾಗೇ ಉಳಿಯುತ್ತದೆ. ಆರ್‌ಜಿಬಿಎ ಇಟ್ಟುಕೊಳ್ಳಿ.

ನಾಲ್ಕು, 'ಪೇಂಟ್ ಆನ್ ಟ್ರಾನ್ಸ್‌ಪರೆಂಟ್' ಆನ್ ಆಗಿದ್ದರೆ ಲೇಯರಿನ ಮೂಲಚಿತ್ರ ಮಾಯವಾಗಿ ಕುಂಚದ ಗೆರೆ ಮಾತ್ರ ಉಳಿಯುತ್ತದೆ. ಫೋಟೊ ಡಿಲೀಟ್ ಆಯ್ತು ಅಂತ ಗಾಬರಿಯಾಗಬೇಡಿ.

ಐದು, ಕ್ರಮ. ಎಫೆಕ್ಟ್‌ಗಳು ಮೇಲಿಂದ ಕೆಳಕ್ಕೆ ಒಂದಾದ ಮೇಲೊಂದು ನಡೆಯುತ್ತವೆ. ನೆರಳಿನ ಎಫೆಕ್ಟ್ ಮೇಲಿದ್ದು ಬರವಣಿಗೆಯ ಎಫೆಕ್ಟ್ ಕೆಳಗಿದ್ದರೆ, ಅಕ್ಷರಕ್ಕೆ ಬಿದ್ದ ನೆರಳನ್ನೂ ಸೇರಿಸಿಯೇ ಕುಂಚ ತೆರೆಯುತ್ತದೆ. ಹಿಡಿದೆಳೆದು ಕ್ರಮ ಬದಲಿಸಿದರೆ ಸಾಕು.

ಟ್ರ್ಯಾಕ್ಟರ್ ಒಂದು, ರೋಟವೇಟರ್ ಇನ್ನೊಂದು

ಪ್ಲಗಿನ್ ಅಂದರೇನು? ಟ್ರ್ಯಾಕ್ಟರಿಗೆ ಕಟ್ಟುವ ರೋಟವೇಟರ್ ಇದ್ದ ಹಾಗೆ. ಟ್ರ್ಯಾಕ್ಟರ್ ಒಬ್ಬರದ್ದು, ರೋಟವೇಟರ್ ಇನ್ನೊಬ್ಬರದ್ದು. ಕೊಂಡಿ ಹೊಂದಿದರೆ ಉಳುಮೆ, ಹೊಂದದಿದ್ದರೆ ಎರಡೂ ಚೆನ್ನಾಗಿದ್ದೂ ಕೆಲಸವಿಲ್ಲ. ಟ್ರ್ಯಾಕ್ಟರ್ ಬದಲಾದಾಗ ಹಳೆ ಸಲಕರಣೆ ಮೂಲೆಗೆ ಬೀಳುತ್ತದೆ. ಆಫ್ಟರ್ ಎಫೆಕ್ಟ್ಸ್‌ಗೆ ಹೀಗಾಗಿದ್ದು ಕನಿಷ್ಠ ಎರಡು ಸಲ. 2010ರಲ್ಲಿ ಬಂದ ಸಿಎಸ್5 ಪೂರ್ತಿ 64 ಬಿಟ್ ಆಯಿತು, 32 ಬಿಟ್‌ನ ಹಳೆ ಪ್ಲಗಿನ್ನುಗಳು ಅಲ್ಲಿಗೇ ನಿಂತವು. 2022ರಲ್ಲಿ ಅದು ಆಪಲ್ ಕಂಪನಿಯ ಹೊಸ ಚಿಪ್‌ಗಳ ಮೇಲೆ ನೇರವಾಗಿ ಓಡಲು ಶುರುಮಾಡಿದಾಗ, ಪ್ಲಗಿನ್ ಮಾಡುವವರೆಲ್ಲ ಮತ್ತೆ ಹೊಸದಾಗಿ ಮಾಡಿಕೊಡಬೇಕಾಯಿತು.

ಬೆಂಗಳೂರಲ್ಲಿ ಕೆಲಸ ಮಾಡೋ ಗೆಳೆಯ ಒಂದು ಪ್ರಾಜೆಕ್ಟ್ ಕಳಿಸುತ್ತಾನೆ. ಇಲ್ಲಿ ತೆರೆದರೆ 'ಮಿಸ್ಸಿಂಗ್ ಎಫೆಕ್ಟ್ಸ್' ಅಂತ ಪಟ್ಟಿ ಬರುತ್ತದೆ. ಫೈಲ್ ಹಾಳಾಗಿಲ್ಲ. ಪ್ರಾಜೆಕ್ಟ್ ಫೈಲಿನೊಳಗೆ ಎಫೆಕ್ಟಿನ ಹೆಸರು, ಅದರ ಅಳತೆಗಳು ಇರುತ್ತವೆಯೇ ಹೊರತು ಪ್ಲಗಿನ್ನೇ ಇರುವುದಿಲ್ಲ. ಫಾಂಟಿನ ಕಥೆಯೂ ಅದೇ. ಕಳಿಸುವವರು 'ಕಲೆಕ್ಟ್ ಫೈಲ್ಸ್' ಮಾಡಿದರೆ ಚಿತ್ರ, ಧ್ವನಿ ಎಲ್ಲ ಒಂದು ಫೋಲ್ಡರಿಗೆ ಬರುತ್ತದೆ, ಜೊತೆಗೆ ಯಾವ ಫಾಂಟು, ಯಾವ ಎಫೆಕ್ಟು ಬೇಕು ಅಂತ ಒಂದು ವರದಿಯೂ ಸಿಗುತ್ತದೆ. ತಂಡದಲ್ಲಿ ಕೆಲಸ ಮಾಡುವವರು ಆ ವರದಿ ಇಲ್ಲದೆ ಫೈಲ್ ತಗೋಬೇಡಿ.

ಪ್ಲಗಿನ್ ಹಾಕಿದ್ದೀರಿ, ಆದರೂ ಪಟ್ಟಿಯಲ್ಲಿ ಕಾಣುತ್ತಿಲ್ಲ ಅಂದರೆ ಫೋಲ್ಡರ್ ನೋಡಿ. ವಿಂಡೋಸ್‌ನಲ್ಲಿ ಆಫ್ಟರ್ ಎಫೆಕ್ಟ್ಸ್‌ನ ಪ್ರತಿ ಆವೃತ್ತಿಗೂ 'ಸಪೋರ್ಟ್ ಫೈಲ್ಸ್' ಒಳಗೆ ತನ್ನದೇ 'ಪ್ಲಗ್-ಇನ್ಸ್' ಫೋಲ್ಡರ್ ಇದೆ. ಎಲ್ಲ ಆವೃತ್ತಿಗಳೂ ಹಂಚಿಕೊಳ್ಳುವ 'ಮೀಡಿಯಾಕೋರ್' ಫೋಲ್ಡರ್ ಬೇರೆ ಇದೆ. ಹಳೆ ಆವೃತ್ತಿಯ ಫೋಲ್ಡರಲ್ಲಿ ಹಾಕಿ ಹೊಸ ಆವೃತ್ತಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಎಫೆಕ್ಟ್ ಕಾಣುತ್ತದೆ, ಆದರೆ ಪಕ್ಕದಲ್ಲಿ ಹಳದಿ ತ್ರಿಕೋನ ಇದೆ. ಅದು ಬಣ್ಣದ ಆಳದ ಎಚ್ಚರಿಕೆ. ಪ್ರಾಜೆಕ್ಟ್ 16 ಅಥವಾ 32 ಬಿಟ್‌ನಲ್ಲಿದ್ದು, ಎಫೆಕ್ಟ್‌ಗೆ ಅಷ್ಟು ಆಳ ಗೊತ್ತಿಲ್ಲ ಅಂತ ಅರ್ಥ. ಪ್ರಾಜೆಕ್ಟ್ ಪ್ಯಾನೆಲಿನ ಕೆಳಗಿರುವ 'ಬಿಪಿಸಿ' ಅಂಕಿಯನ್ನು ಆಲ್ಟ್ ಹಿಡಿದು ಒತ್ತುತ್ತಾ ಹೋದರೆ 8ಕ್ಕೆ ಬರುತ್ತದೆ. ಊರ ಜಾತ್ರೆಯ ಎಲ್‌ಇಡಿ ಪರದೆಗೆ ಅಷ್ಟು ಸಾಕು.

ಪರದೆ ಕಪ್ಪಾದರೆ, ಬಣ್ಣ ಚೂರುಚೂರಾಗಿ ಕಂಡರೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ಅನುಮಾನ ಇಡಬಹುದು. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ 'ವಿಡಿಯೊ ರೆಂಡರಿಂಗ್ ಅಂಡ್ ಎಫೆಕ್ಟ್ಸ್'ನಲ್ಲಿ 'ಮರ್ಕ್ಯುರಿ ಸಾಫ್ಟ್‌ವೇರ್ ಓನ್ಲಿ' ಆರಿಸಿ ನೋಡಿ. ನಿಧಾನವಾಗುತ್ತದೆ, ಆದರೆ ಸರಿಯಾಯಿತು ಅಂದರೆ ತಪ್ಪು ಕಾರ್ಡಿನದ್ದೋ ಅದರ ಡ್ರೈವರಿನದ್ದೋ ಅಂತ ಖಾತ್ರಿ. ಹಳೆಯ ಚಿತ್ರವೇ ಮತ್ತೆ ಮತ್ತೆ ಬಂದರೆ ಎಡಿಟ್ ಮೆನುವಿನ 'ಪರ್ಜ್'ನಿಂದ ಕ್ಯಾಶೆ ಖಾಲಿ ಮಾಡಿ. ಎಲ್ಲ ಆದರೂ ಆಗದಿದ್ದರೆ, ತಂತ್ರಾಂಶ ತೆರೆಯುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಒತ್ತಿ ಹಿಡಿದು ಪ್ರಿಫರೆನ್ಸಸ್ ಅಳಿಸುವುದು ಕೊನೆಯ ಮದ್ದು. ನಿಮ್ಮ ಸೆಟ್ಟಿಂಗುಗಳೂ ಹೋಗುತ್ತವೆ, ಹಾಗಾಗಿ ಮೊದಲ ಮದ್ದಾಗಿ ಬೇಡ.

ನಾವು ಎಣಿಸೋದು ಐದು, ಅದು ಎಣಿಸೋದು ಒಂಬತ್ತು

ಇಷ್ಟರವರೆಗೆ ಹೇಳಿದ್ದು ಜಗತ್ತಿನ ಯಾರಿಗಾದರೂ ಬರುವ ತೊಂದರೆ. ಇನ್ನು ಹೇಳೋದು ನಮ್ಮಂಥವರಿಗೇ ಬರೋದು.

ಆ ಸಾಲು ನನಗೆ ಬಂದಿದ್ದು ಒಂದು ಕರಪತ್ರದಿಂದ. ಡಿಟಿಪಿ ಅಂಗಡಿಯಲ್ಲಿ ನುಡಿಯ ಹಳೆಯ ಫಾಂಟಿನಲ್ಲಿ ಮಾಡಿದ್ದು. ನಕಲು ಮಾಡಿ ಅಂಟಿಸಿದರೆ ಪೌಂಡ್ ಗುರುತು, ಪ್ಲಸ್ಸು ಮೈನಸ್ಸು, ತಲೆ ಮೇಲೆ ಚುಕ್ಕೆ ಇಟ್ಟ ಇಂಗ್ಲಿಷ್ ಅಕ್ಷರ ಬಂತು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ನೋಡೋಕೆ ಕನ್ನಡ, ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷ್. ಒಂದು ಕಾಲಕ್ಕೆ ಬೇರೆ ದಾರಿ ಇರಲಿಲ್ಲ, ಕನ್ನಡದ ಅಚ್ಚುಕೆಲಸ ಉಳಿದಿದ್ದೇ ಅದರಿಂದ. 1991ರಲ್ಲೇ ಯುನಿಕೋಡ್ ತನ್ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಜಾಗ ಕೊಟ್ಟಿತ್ತು. ಆದರೆ ವಿನ್ಯಾಸದ ತಂತ್ರಾಂಶಗಳು ಅದನ್ನು ಸರಿಯಾಗಿ ಬರೆಯುವುದು ಕಲಿಯಲು ತುಂಬಾ ವರ್ಷ ಬೇಕಾಯಿತು. ಆ ಗ್ಯಾಪಿನಲ್ಲಿ ಬೇರೂರಿದ ಹಳೆ ಫಾಂಟುಗಳು ಇವತ್ತಿಗೂ ನಮ್ಮ ಪ್ರೆಸ್ಸುಗಳಲ್ಲಿವೆ. ಪರಿವರ್ತಕ ಬಳಸಿ ಯುನಿಕೋಡ್ ಮಾಡಿಕೊಂಡೆ. ಅಲ್ಲಿಗೆ ಮುಗೀತು ಅಂದುಕೊಂಡೆ.

ಮುಗಿದಿರಲಿಲ್ಲ. 'ಶುದ್ಧೀಕರಣ'ದಲ್ಲಿ ಎಷ್ಟು ಅಕ್ಷರ? ಯಾವ ಮಗುವನ್ನ ಕೇಳಿದರೂ ಐದು ಅನ್ನುತ್ತೆ: ಶು, ದ್ಧೀ, ಕ, ರ, ಣ. ಯುನಿಕೋಡ್ ಲೆಕ್ಕದಲ್ಲಿ ಒಂಬತ್ತು: ಶ, ಉಕಾರದ ಕೊಂಬು, ದ, ಹಲಂತ, ಧ, ಈಕಾರ, ಕ, ರ, ಣ. ಈ ಒಂಬತ್ತನ್ನು ತಗೊಂಡು ಐದಾಗಿ ಜೋಡಿಸಿ ಬರೆಯೋದು ಒಂದು ಪ್ರತ್ಯೇಕ ಕೆಲಸ, ಅದಕ್ಕೆ ಶೇಪಿಂಗ್ ಅನ್ನುತ್ತಾರೆ. ಇಂಗ್ಲಿಷಿಗೆ ಅದರ ಅಗತ್ಯ ಅಷ್ಟಾಗಿ ಬರುವುದಿಲ್ಲ, ಅಲ್ಲಿ ಒಂದು ಸಂಕೇತಕ್ಕೆ ಒಂದು ಆಕಾರ ಸಾಕು. 'ಸರ್ಕಾರ' ಇನ್ನೂ ತಮಾಷೆ. ಟೈಪ್ ಮಾಡುವಾಗ ರ ಮೊದಲು, ಕಾ ಆಮೇಲೆ. ಬರೆಯುವಾಗ ಕಾ ಮೊದಲು, ಅರ್ಕಾವೊತ್ತು ಆಮೇಲೆ. ಜೋಡಿಸುವವನು ಇಲ್ಲದಿದ್ದರೆ ಸರ್ಕಾರ 'ಸರ್ ಕಾರ' ಆಗಿ ಬೀಳುತ್ತದೆ.

ಈಗ ಖಾಲಿ ಹಾಳೆ ಪರೀಕ್ಷೆ ಮಾಡಿದೆ. ಹೊಸ ಕಾಂಪೊಸಿಷನ್, ಬರೀ ಆ ಸಾಲು, ಎಫೆಕ್ಟ್ ಯಾವುದೂ ಇಲ್ಲ. ಅಕ್ಷರ ಸರಿಯಾಗಿಯೇ ಇತ್ತು. ಕುಂಚದ ಹಾಗೆ ಬರೆಸುವ ಒಂದು ಪ್ಲಗಿನ್ ಹಾಕಿದ್ದೆನಲ್ಲ, ಅದನ್ನು ಸೇರಿಸಿದ ತಕ್ಷಣ ಒಡೆಯಿತು. ಅಂದರೆ ತಪ್ಪು ಫಾಂಟಿನದ್ದಲ್ಲ, ನನ್ನ ಟೈಪಿಂಗಿನದ್ದಲ್ಲ. ಒಂದು ಸಂಕೇತ ಅಂದರೆ ಒಂದು ಅಕ್ಷರ ಅಂತ ನಂಬಿಕೊಂಡು ಬರೆದ ಪ್ಲಗಿನ್ ಅದು. ಒಂಬತ್ತು ತುಂಡನ್ನು ಒಂದೊಂದಾಗಿ ಎತ್ತಿ ಕುಣಿಸೋಕೆ ಹೋಗಿ ದ್ಧೀಯ ಒತ್ತನ್ನು ಕಿತ್ತುಹಾಕಿತ್ತು.

ಇಂಥದಕ್ಕೆ ನಾನು ಬಳಸುವ ದಾರಿಗಳು ಇವು.

ಎಫೆಕ್ಟ್ ಇಲ್ಲದೆಯೂ ಅಕ್ಷರ ಒಡೆದಿದ್ದರೆ ಪ್ರಿಫರೆನ್ಸಸ್‌ನ 'ಟೈಪ್' ವಿಭಾಗ ನೋಡಿ. ಆಫ್ಟರ್ ಎಫೆಕ್ಟ್ಸ್‌ನ ಹಲವು ಆವೃತ್ತಿಗಳಲ್ಲಿ ಅಲ್ಲಿ ಲ್ಯಾಟಿನ್ ಮತ್ತು 'ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್' ಅಂತ ಎರಡು ಟೆಕ್ಸ್ಟ್ ಇಂಜಿನ್ ಇವೆ. ಎರಡನೆಯದನ್ನು ಆರಿಸಿ, ತಂತ್ರಾಂಶ ಮುಚ್ಚಿ ತೆರೆದು, ಹೊಸ ಲೇಯರಿನಲ್ಲಿ ಮತ್ತೆ ಟೈಪ್ ಮಾಡಿ.

ಟೆಕ್ಸ್ಟ್ ಆ್ಯನಿಮೇಟರ್ ಹಾಕಿದಾಗ ಮಾತ್ರ ಒಡೆದರೆ ರೇಂಜ್ ಸೆಲೆಕ್ಟರಿನ 'ಬೇಸ್ಡ್ ಆನ್' ಆಯ್ಕೆಯನ್ನು 'ಕ್ಯಾರೆಕ್ಟರ್ಸ್'ನಿಂದ 'ವರ್ಡ್ಸ್'ಗೆ ಬದಲಿಸಿ. ಅಕ್ಷರ ಅಕ್ಷರವಾಗಿ ಬರುವ ಬದಲು ಪದ ಪದವಾಗಿ ಬರುತ್ತದೆ. ಪದ ಇಡಿಯಾಗಿ ಉಳಿಯುತ್ತದೆ.

ಅಕ್ಷರ ಅಕ್ಷರವಾಗಿಯೇ ಬರಬೇಕೆಂದರೆ ಅಕ್ಷರವನ್ನು ಚಿತ್ರ ಮಾಡಿ. ಇಂಕ್‌ಸ್ಕೇಪ್ ಅನ್ನೋ ಮುಕ್ತ ತಂತ್ರಾಂಶ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಅಲ್ಲಿ ಬರೆದು, ಪಾತ್ ಮಾಡಿ, ಶು, ದ್ಧೀ, ಕ ಅಂತ ಬೇರೆ ಬೇರೆ ಪಾರದರ್ಶಕ ಪಿಎನ್‌ಜಿ ತೆಗೆಯಿರಿ. ಚಿತ್ರದೊಳಗಿನ ಒತ್ತಕ್ಷರವನ್ನು ಯಾವ ಪ್ಲಗಿನ್ನೂ ಕೀಳಲಾರದು.

ಇನ್ನು ಕುಂಚದ ಬರವಣಿಗೆ. ಇದಕ್ಕೆ ಹೊರಗಿನ ಪ್ಲಗಿನ್ನೇ ಬೇಡ. ಒಳಗೇ ಇರುವ 'ಸ್ಟ್ರೋಕ್' ಎಫೆಕ್ಟ್ ಸಾಕು. ಅಕ್ಷರದ ಮೇಲೆ, ಕೈ ನಡೆಯುವ ದಾರಿಯಲ್ಲೇ ಪೆನ್ ಟೂಲಿನಿಂದ ಮಾಸ್ಕ್ ಎಳೆಯಿರಿ. ಸ್ಟ್ರೋಕ್ ಹಾಕಿ, 'ಪೇಂಟ್ ಸ್ಟೈಲ್' ಅನ್ನು 'ರಿವೀಲ್ ಒರಿಜಿನಲ್ ಇಮೇಜ್' ಮಾಡಿ, ಬ್ರಷ್ ದಪ್ಪ ಮಾಡಿ, 'ಎಂಡ್' ಅಳತೆಯನ್ನು 0ಯಿಂದ 100ಕ್ಕೆ ಓಡಿಸಿ. ಇಂಗ್ಲಿಷ್ ಪಾಠಗಳು ಇಡೀ ಪದಕ್ಕೆ ಒಂದೇ ಲೇಯರ್ ಅನ್ನುತ್ತವೆ. ಕನ್ನಡಕ್ಕೆ ಅದು ಆಗಿಬರಲ್ಲ. ನಮ್ಮ ಅಕ್ಷರ ದುಂಡಗೆ, ಒಂದಕ್ಕೊಂದು ಅಂಟಿಕೊಂಡು, ಒತ್ತು ಪಕ್ಕದ ಮನೆಯ ಕೆಳಗೂ ಚಾಚಿರುತ್ತದೆ. ದಪ್ಪ ಬ್ರಷ್ ಶು ಬರೆಯುವಾಗಲೇ ದ್ಧೀಯ ಒಂದು ಚೂರು ಕಂಡುಬಿಡುತ್ತದೆ. ಹಾಗಾಗಿ ಪ್ರತಿ ಅಕ್ಷರಕ್ಕೆ ಒಂದು ಲೇಯರ್, ಪ್ರತಿ ಲೇಯರಿಗೆ ಅದರದ್ದೇ ಮಾಸ್ಕ್. ಮೊದಲು ಮೂಲಾಕ್ಷರದ ಗೆರೆ, ಆಮೇಲೆ ಒತ್ತು, ಆಮೇಲೆ ದೀರ್ಘ. ಒಂದೇ ಲೇಯರಿನಲ್ಲಿ ಹಲವು ಮಾಸ್ಕ್ ಇದ್ದರೆ 'ಆಲ್ ಮಾಸ್ಕ್ಸ್' ಮತ್ತು 'ಸ್ಟ್ರೋಕ್ ಸೀಕ್ವೆನ್ಷಿಯಲಿ' ಎರಡನ್ನೂ ಟಿಕ್ ಮಾಡಿ, ಒಂದಾದ ಮೇಲೊಂದು ಬರೆದುಕೊಳ್ಳುತ್ತದೆ.

ಕಳ್ಳ ಕೀಲಿಯ ಬೆಲೆ

ಒಂದು ಮಾತು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ. ನಾನು ಆ ಕುಂಚದ ಪ್ಲಗಿನ್ ಕೊಂಡಿರಲಿಲ್ಲ. ಯಾರೋ ಹಂಚಿದ ಲಿಂಕಿನಿಂದ ಕ್ರ್ಯಾಕ್ ಇಳಿಸಿಕೊಂಡಿದ್ದೆ. ತಿಂಗಳ ಬಾಡಿಗೆ ಕಟ್ಟಿ ತಂತ್ರಾಂಶ ಬಳಸಬೇಕು, ಅದರ ಮೇಲೆ ಡಾಲರಿನಲ್ಲಿ ಪ್ಲಗಿನ್ ಕೊಳ್ಳಬೇಕು ಅಂದರೆ, ಮದುವೆ ವಿಡಿಯೊ ಮಾಡಿ ಬದುಕುವವನಿಗೆ ಆಗದ ಮಾತು. ಸಣ್ಣ ಊರುಗಳಲ್ಲಿ ಈ ಕಸುಬು ಎಷ್ಟರಮಟ್ಟಿಗೆ ಕ್ರ್ಯಾಕ್ ಮೇಲೆ ನಿಂತಿದೆ ಅನ್ನೋದು ನಮ್ಮ ನಮ್ಮಲ್ಲಿ ಗುಟ್ಟೇನಲ್ಲ. ನೀತಿಪಾಠ ಹೇಳೋಕೆ ನನಗೆ ಮುಖವಿಲ್ಲ.

ಆದರೆ ಲೆಕ್ಕ ಹೇಳಬಹುದು. ಕ್ರ್ಯಾಕ್ ಜೊತೆಗೆ ಬರುವ ಮೊದಲ ಸೂಚನೆಯೇ 'ಆಂಟಿವೈರಸ್ ಆಫ್ ಮಾಡಿ'. ಅಂದರೆ ಮನೆ ಕಾವಲುಗಾರನನ್ನು ನೀವೇ ಕಳಿಸಿ, ಮುಖ ನೋಡದವನನ್ನು ಒಳಗೆ ಕರೆಯುತ್ತೀರಿ. ಆ ಕಂಪ್ಯೂಟರಿನಲ್ಲೇ ಹೋರಾಟದವರ ಫೋನ್ ನಂಬರ್ ಇರುತ್ತದೆ, ಸಭೆಯ ಫೋಟೊ ಇರುತ್ತದೆ, ನಿಮ್ಮ ಬ್ಯಾಂಕಿನ ಪಾಸ್‌ವರ್ಡ್ ಇರುತ್ತದೆ. ಎರಡನೆಯದು, ಕೆಟ್ಟರೆ ಕೇಳೋಕೆ ಯಾರೂ ಇಲ್ಲ. 'ನಿಮ್ಮ ಪ್ಲಗಿನ್ ನನ್ನ ಭಾಷೆಯನ್ನು ಒಡೆಯುತ್ತಿದೆ' ಅಂತ ದೂರು ಬರೆಯೋಕೆ ನಾನು ಗಿರಾಕಿಯೇ ಅಲ್ಲ. ಸಾವಿರಾರು ಜನ ಕನ್ನಡದಲ್ಲಿ ಬಳಸಿದರೂ ಮಾಡಿದವರ ಲೆಕ್ಕದಲ್ಲಿ ಕನ್ನಡದ ಬಳಕೆದಾರರು ಕಾಣುವುದಿಲ್ಲ. ಕಾಣದವರಿಗಾಗಿ ಯಾರೂ ಕೋಡ್ ತಿದ್ದುವುದಿಲ್ಲ.

ಮುಕ್ತ ತಂತ್ರಾಂಶಗಳಿವೆ: ಕುಂಚದ ಕೆಲಸಕ್ಕೆ ಕ್ರಿಟಾ, ಆ್ಯನಿಮೇಷನ್ನಿಗೆ ಬ್ಲೆಂಡರ್, ಕಾಂಪೊಸಿಟಿಂಗಿಗೆ ನೇಟ್ರಾನ್. ಮುಕ್ತ ಅಂದ ಮಾತ್ರಕ್ಕೆ ಎಲ್ಲ ಸರಿಯಿದೆ ಅಂತಲ್ಲ. ಬ್ಲೆಂಡರಿನ ಟೆಕ್ಸ್ಟ್ ಆಬ್ಜೆಕ್ಟಿನಲ್ಲಿ ಭಾರತೀಯ ಲಿಪಿಗಳ ಒತ್ತು ಒಡೆಯುವುದು ಹಳೆಯ ತೊಂದರೆ, ಅಲ್ಲೂ ಇಂಕ್‌ಸ್ಕೇಪಿನಲ್ಲಿ ಪಾತ್ ಮಾಡಿಕೊಂಡೇ ಒಯ್ಯಬೇಕು. ವ್ಯತ್ಯಾಸ ಏನೆಂದರೆ, ಅಲ್ಲಿ ದೂರು ಎಲ್ಲರಿಗೂ ಕಾಣುವಂತೆ ಬರೆಯಬಹುದು, ಬಲ್ಲವರು ತಾವೇ ತಿದ್ದಬಹುದು.

ಹಾಗೆ ತಿದ್ದಿದರೆ ಏನಾಗುತ್ತದೆ ಅನ್ನೋದಕ್ಕೆ ಹಾರ್ಫ್‌ಬಝ್ ಸಾಕ್ಷಿ. ಅಕ್ಷರ ಜೋಡಿಸುವ ಮುಕ್ತ ಇಂಜಿನ್ ಅದು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲ ಅದನ್ನೇ ಬಳಸುತ್ತವೆ. ನಿಮ್ಮ ಮೊಬೈಲಿನಲ್ಲಿ ಈ ಲೇಖನದ ಒತ್ತಕ್ಷರ ಸರಿಯಾಗಿ ಕಾಣುತ್ತಿದ್ದರೆ ಅದರ ಹಿಂದೆ ಇರುವುದು ಬಹುಪಾಲು ಅದೇ. ಹೆಸರು ಪಾರಸಿಯದ್ದು, ಹರ್ಫ್ ಅಂದರೆ ಅಕ್ಷರ. ನಮ್ಮೂರ ರೀಲರ್ ಮನೆಗಳಲ್ಲಿ ಉರ್ದು ಆಡುವವರಿಗೆ ಆ ಪದ ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷ್ ಅಳತೆಗೆ ಕೂರದ ಲಿಪಿಗಳಿಗೆ ಬೇಕಾದ ಕೆಲಸವನ್ನು ಒಂದು ಕಡೆ ಮುಕ್ತವಾಗಿ ಮಾಡಿಟ್ಟಿದ್ದರಿಂದ ಕನ್ನಡಕ್ಕೂ ಬಂತು.

ಬೋರ್ಡಿನ ಮೇಲಿನ ಕನ್ನಡ, ಬೋರ್ಡಿನ ಹಿಂದಿನ ಕನ್ನಡ

2024ರಲ್ಲಿ ಕರ್ನಾಟಕ ಕಾನೂನು ತಿದ್ದಿ, ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಎಂದಿತು. ಒಳ್ಳೆಯದೇ. ಆದರೆ ಆ ಶೇ 60 ಕನ್ನಡ ತಯಾರಾಗುವುದು ಒಂದು ತಂತ್ರಾಂಶದೊಳಗೆ, ಒಬ್ಬ ಹುಡುಗನ ಕೈಯಲ್ಲಿ. ಅವನ ಎಫೆಕ್ಟ್ ಕನ್ನಡವನ್ನು ಒಡೆದರೆ ಅವನು ಏನು ಮಾಡುತ್ತಾನೆ? ಒತ್ತಿಲ್ಲದ ಪದ ಹುಡುಕುತ್ತಾನೆ. ಅದೂ ಆಗದಿದ್ದರೆ ಇಂಗ್ಲಿಷಿನಲ್ಲೇ ಬರೆಯುತ್ತಾನೆ. ನಾನೂ ಮಾಡಿದ್ದೇನೆ. 'ಸ್ವಾತಂತ್ರ್ಯ ದಿನ' ಒಡೆಯಿತು ಅಂತ ಆಗಸ್ಟ್ 15 ಅಂತ ಅಂಕಿ ಹಾಕಿ ಕೈತೊಳೆದುಕೊಂಡಿದ್ದೇನೆ. ಹೀಗೆ ಪದ ಕಳೆದುಕೊಂಡಾಗ ಯಾರೂ ಪ್ರತಿಭಟನೆ ಮಾಡುವುದಿಲ್ಲ, ಯಾಕೆಂದರೆ ಅದು ಯಾರಿಗೂ ಕಾಣುವುದಿಲ್ಲ.

ಕನ್ನಡದ ಕೀಲಿಮಣೆಗೆ ವಿನ್ಯಾಸ ಕೊಟ್ಟ ಕೆ.ಪಿ. ರಾವ್, ಕನ್ನಡ ತಂತ್ರಾಂಶಕ್ಕಾಗಿ ದನಿ ಎತ್ತಿದ ಪೂರ್ಣಚಂದ್ರ ತೇಜಸ್ವಿ, ಇವರೆಲ್ಲ ಕನ್ನಡವನ್ನು ಟೈಪ್ ಮಾಡುವ ಹಂತಕ್ಕೆ ತಂದ ತಲೆಮಾರು. ಚಲಿಸುವ ಕನ್ನಡದ ಕೆಲಸ ನಮ್ಮ ತಲೆಮಾರಿನದು. ಅದಕ್ಕೆ ಎಲ್ಲರೂ ಕೋಡ್ ಬರೆಯಬೇಕಿಲ್ಲ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಅಕಾಯಾ ಕನ್ನಡಕ, ಹುಬ್ಬಳ್ಳಿ ಮುಂತಾದ ಮುಕ್ತ ಪರವಾನಗಿಯ ಯುನಿಕೋಡ್ ಫಾಂಟುಗಳನ್ನು ಬಳಸಿ. ಕರಪತ್ರ ಮಾಡಿಸುವಾಗ ಡಿಟಿಪಿಯವರಿಂದ ಯುನಿಕೋಡ್ ಪ್ರತಿ ಕೇಳಿ ಪಡೆಯಿರಿ. ಎಫೆಕ್ಟ್ ಒಡೆದಾಗ ಒಂದು ಸ್ಕ್ರೀನ್‌ಶಾಟ್, ಆವೃತ್ತಿಯ ಸಂಖ್ಯೆ, ಒಡೆದ ಪದ, ಯಾವ ಹಂತದಲ್ಲಿ ಒಡೆಯಿತು, ಇಷ್ಟನ್ನು ಬರೆದು ಮಾಡಿದವರಿಗೆ ಕಳಿಸಿ. ಖಾಲಿ ಹಾಳೆ ಪರೀಕ್ಷೆ ಮಾಡಿದ್ದರೆ ಆ ದೂರಿಗೆ ತೂಕ ಬರುತ್ತದೆ. ಸರ್ಕಾರದ ಹಣದಲ್ಲಿ ಕನ್ನಡ ತಂತ್ರಾಂಶ ಅಂತ ಏನೇ ಆದರೂ ಅದು ಮುಕ್ತವಾಗಿರಲಿ, ವಿಡಿಯೊ ಮಾಡುವವರ ಕಷ್ಟವೂ ಅದರ ಪಟ್ಟಿಯಲ್ಲಿರಲಿ ಅಂತ ಕೇಳಿ.

ಆ ರಾತ್ರಿ ಪ್ಲಗಿನ್ ಕಿತ್ತುಹಾಕಿದೆ. ಇಂಕ್‌ಸ್ಕೇಪಿನಲ್ಲಿ ಸಾಲು ಬರೆದು, ಅಕ್ಷರ ಬಿಡಿಸಿ, ಒಂದೊಂದಕ್ಕೂ ಮಾಸ್ಕ್ ಎಳೆದೆ. ಮುಗಿದಾಗ ನಾಲ್ಕು ಗಂಟೆ. ಬೆಳಗ್ಗೆ ಗಾಡಿ ಮೇಲಿನ ಪರದೆಯಲ್ಲಿ ಕುಂಚ ಓಡಿ 'ಶುದ್ಧೀಕರಣ' ಮೂಡಿತು. ದ್ಧೀಯ ಒತ್ತು ತನ್ನ ಜಾಗದಲ್ಲಿತ್ತು. ರಾತ್ರಿ ಬಂದಿದ್ದ ಹಿರಿಯರು ನನ್ನ ಕಡೆ ತಿರುಗಿ, "ಸರ್ಕಾರ ಸರಿ ಹೋಯ್ತಲ್ಲಪ್ಪಾ" ಅಂದರು. ಪಕ್ಕದಲ್ಲಿದ್ದವರು, "ಪರದೆ ಮೇಲೆ ಸರಿ ಹೋಗೈತೆ ಬಿಡಣ್ಣ, ಕೆರೆ ನೀರು ನೋಡೋಣ" ಅಂದರು. ಆಮೇಲೆ ಮೈಕಿನವರು ಮಾತು ಶುರು ಮಾಡಿದರು, ನೀರಿನ ಬಗ್ಗೆ.